ಮೆಟ್ಸ್ ಸಿಮ್ಯುಲೇಟರ್: ಕಳ್ಳ ಗಾಯಾಳುಗಳ ಕಾಟ ತಪ್ಪಿತು (ಸದ್ಯಕ್ಕೆ)

ನಿನ್ನೆ ರಾತ್ರಿ ನನ್ನ ಬೇಸ್‌ಬಾಲ್ ಸಿಮ್ಯುಲೇಟರ್‌ನಲ್ಲಿ ಪಿಚರ್ (ಚೆಂಡು ಎಸೆಯುವವನು) ಮ್ಯಾಟ್ ಹಾರ್ವಿಗೆ ಕೊನೆಗೂ ಒಂದು ಅಸಲಿ ಗಾಯವಾಯಿತು. ಇದಕ್ಕೆ ಖುಷಿಪಡಬಾರದು, ಗೊತ್ತು. ಆದರೆ ಇಷ್ಟು ದಿನ ನನ್ನ ಪ್ರೋಗ್ರಾಂ ಪಿಚರ್‌ಗಳಿಗೆಲ್ಲ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಬರೆದುಕೊಟ್ಟು ರಜೆ ಹಾಕಿಸುತ್ತಿತ್ತು.

ಹೊಸಬರಿಗೆ ಚುಟುಕಾಗಿ: 2015ರ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಈಗಿನ ನಿಯಮಗಳಡಿ 162 ಪಂದ್ಯ ಆಡಿಸುತ್ತಿದ್ದೇನೆ. ಐದು ಜಾಗಕ್ಕೆ ಏಳು ಸ್ಟಾರ್ಟರ್‌ಗಳಿದ್ದು (ಸರದಿ ಪ್ರಕಾರ ಪಂದ್ಯ ಶುರು ಮಾಡುವ ಪಿಚರ್‌ಗಳು), ಅವರಲ್ಲಿ ಹೆಚ್ಚಿನವರು ಎಳೆಯರಾದರೆ ಏನು ಮಾಡಬೇಕು ಅನ್ನುವುದೇ ಪ್ರಶ್ನೆ. ಹಾರ್ವಿ, ಡಿಗ್ರಾಮ್, ಸಿಂಡರ್‌ಗಾರ್ಡ್, ಮ್ಯಾಟ್ಸ್, ಜೊತೆಗೆ ವೀಲರ್. ವೀಲರ್‌ಗೆ ಆ ವರ್ಷ ಮಾರ್ಚ್‌ನಲ್ಲೇ ಟಾಮಿ ಜಾನ್ ಸರ್ಜರಿ ಆಗಿತ್ತು, ನನ್ನ ಲೋಕದಲ್ಲಿ ಮೊಣಕೈ ರಿಪೇರಿ ಮಾಡಿ ಸೇರಿಸಿಕೊಂಡಿದ್ದೇನೆ. ಹಳಬರಲ್ಲಿ ನೀಸ್ ಮತ್ತು 42ರ ಬಾರ್ಟೋಲೊ ಕೊಲೊನ್. ಆ ಪುಣ್ಯಾತ್ಮ ಆ ವರ್ಷ 194 ಇನ್ನಿಂಗ್ಸ್ ಎಸೆದ (ಇಲ್ಲಿ ಮೂರು ಔಟ್‌ಗೆ ಒಂದು ಇನ್ನಿಂಗ್ಸ್, ಪಂದ್ಯಕ್ಕೆ ಒಂಬತ್ತು). ಹುಡುಗರ ಮೊಣಕೈ ಬಗ್ಗೆ ಪುಟಗಟ್ಟಲೆ ಬರೆದವರು ಈತನ ಬಗ್ಗೆ ಎರಡು ಸಾಲು ಬರೆದಿದ್ದರೆ ಚೆನ್ನಾಗಿತ್ತು. ರೆಟ್ರೊಶೀಟ್ (ಹಳೇ ಪಂದ್ಯಗಳ ದಾಖಲೆ) ಇಳಿಸಿದ್ದು, ಬ್ಯಾಟಿಂಗ್ ಭಾಗ ಬರೆದದ್ದು ಎಲ್ಲ ಮಾಮೂಲಿ, ಬಿಟ್ಟಿದ್ದೇನೆ.

ಕಾಟ ಕೊಟ್ಟದ್ದು ಆಪ್ಷನ್ ನಿಯಮ. ಟ್ರಿಪಲ್-ಎಗೆ (ಒಂದು ಮೆಟ್ಟಿಲು ಕೆಳಗಿನ ಲೀಗ್) ಕಳಿಸಿದ ಪಿಚರ್ 15 ದಿನ ಅಲ್ಲೇ ಇರಬೇಕು. ಆದರೆ ಮೇಲೆ ಯಾರಾದರೂ ಗಾಯಾಳು ಪಟ್ಟಿ ಸೇರಿದರೆ, ಆ ಜಾಗಕ್ಕೆ ಅವನನ್ನು ಅವಧಿಗೆ ಮುಂಚೆಯೇ ಕರೆಸಬಹುದು. ಹೆಚ್ಚು ಗೆಲ್ಲುವ ದಾರಿ ಹುಡುಕುವ ನನ್ನ ಆಪ್ಟಿಮೈಸರ್‌ಗೆ ಇಷ್ಟು ಸಂದು ಸಾಕಾಯಿತು. ಲಾಗ್ ನೋಡಿ:

ಏಪ್ರಿಲ್ 20: ಮ್ಯಾಟ್ಸ್, ಲಾಸ್ ವೇಗಸ್‌ಗೆ (ಆಗಿನ ಟ್ರಿಪಲ್-ಎ ತಂಡ).
ಏಪ್ರಿಲ್ 24: ಡಿಗ್ರಾಮ್, ಗಾಯಾಳು ಪಟ್ಟಿಗೆ. ಕಾರಣ: ಆಯಾಸ.
ಏಪ್ರಿಲ್ 24: ಮ್ಯಾಟ್ಸ್ ವಾಪಸ್.
ಮೇ 9: ಡಿಗ್ರಾಮ್ ವಾಪಸ್. ಹಾರ್ವಿ, ಗಾಯಾಳು ಪಟ್ಟಿಗೆ. ಕಾರಣ: ಆಯಾಸ.

ಸೀಸನ್ ಪೂರ್ತಿ ಇದೇ ಕಥೆ. ಯಾರಿಗೂ ಏನೂ ಆಗಿಲ್ಲ, ಸರದಿ ಪ್ರಕಾರ ಎಲ್ಲರಿಗೂ ಆಯಾಸ. ಪಟ್ಟಿಗೆ ಹಾಕಿದ್ದಕ್ಕೆ ದಂಡ ಏರಿಸಿದೆ. ಆಗ ಹಾರ್ವಿಯನ್ನು ಮೂರೇ ಇನ್ನಿಂಗ್ಸ್‌ಗೆ ಇಳಿಸಿ ಬುಲ್‌ಪೆನ್ನಿನ (ಸ್ಟಾರ್ಟರ್ ನಂತರ ಬಂದು ಎಸೆಯುವವರ ಪಡೆ) ಜೀವ ತೆಗೆಯಿತು. ಒಬ್ಬನನ್ನು ವರ್ಷಕ್ಕೆ ಐದೇ ಸಲ ಕೆಳಗೆ ಕಳಿಸಬಹುದು ಎಂಬ 2022ರ ನಿಯಮ ಸೇರಿಸಿದೆ. ಐದನ್ನೂ ಕೂಡಿಟ್ಟುಕೊಂಡು ಆಗಸ್ಟ್‌ನಲ್ಲಿ ಖರ್ಚು ಮಾಡಿತು. ನಾನು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ.

ಸಿಟ್ಟು ಬರಿಸಿದ್ದೇನೆಂದರೆ, ಇದನ್ನು ತಪ್ಪು ಅನ್ನುವ ಹಾಗೂ ಇಲ್ಲ. 2017ರಲ್ಲಿ ಲೀಗ್ ಈ ಪಟ್ಟಿಯ ಕನಿಷ್ಠ ಅವಧಿಯನ್ನು 15ರಿಂದ 10 ದಿನಕ್ಕೆ ಇಳಿಸಿದಾಗ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಕೈಯಲ್ಲಿ ಸ್ಟಾರ್ಟರ್‌ಗಳು ದಂಡಿಯಾಗಿದ್ದರು, ಸಣ್ಣಪುಟ್ಟ ನೋವಿಗೂ ಒಬ್ಬೊಬ್ಬರನ್ನೇ ಪಟ್ಟಿಗೆ ಸೇರಿಸಿ ಒಂದೆರಡು ಸರದಿ ತಪ್ಪಿಸಿದರು, 104 ಪಂದ್ಯ ಗೆದ್ದರು. ಪಿಚರ್‌ಗಳಿಗೆ ಮತ್ತೆ 15 ದಿನ ಬಂದದ್ದು 2022ರಲ್ಲಿ. ಅಂದರೆ ನನ್ನ ಹಳೇ ಲ್ಯಾಪ್‌ಟಾಪ್, ಫ್ಯಾನ್ ಕಿರುಚಿಕೊಳ್ಳುತ್ತಾ, ಡಾಡ್ಜರ್ಸ್ ಆಫೀಸಿನ ಬುದ್ಧಿಯನ್ನು ತಾನೇ ಕಂಡುಕೊಂಡಿತ್ತು.

ದಾರಿ ಸಿಕ್ಕಿದ್ದು ಮ್ಯಾನೇಜರ್‌ನನ್ನೂ ಡಾಕ್ಟರ್‌ನನ್ನೂ ಬೇರೆ ಮಾಡಿದಾಗ. ತೋಳು ಎಷ್ಟು ದಣಿದಿದೆ ಅನ್ನುವುದು ಈಗ ಮ್ಯಾನೇಜರ್ ಫಂಕ್ಷನ್‌ಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಫಾಸ್ಟ್‌ಬಾಲ್ ವೇಗ ಮಾತ್ರ, ಅದೂ ಸ್ವಲ್ಪ ಕಲಸುಮೇಲೋಗರವಾಗಿ. ಪಟ್ಟಿಗೆ ಹಾಕು ಅಂತ ಕೇಳಬಹುದು, ಒಪ್ಪುವುದು ಬಿಡುವುದು ಡಾಕ್ಟರ್ ಇಷ್ಟ. ವಾಪಸ್ ಬರುವವನು ಮೊದಲು ಕೆಳಗಿನ ಲೀಗ್‌ನಲ್ಲಿ ಒಂದು ಪಂದ್ಯ ಎಸೆದು ಬರಬೇಕು. ಅಷ್ಟೇ, ಕಳ್ಳ ರಜೆ ನಿಂತಿತು.

ಇಲ್ಲಿ ಡೇಟಾ ಮಾರಿದ ಮಹಾಶಯರಿಗೊಂದು ನಮಸ್ಕಾರ. ದುಡ್ಡು ಕೊಟ್ಟು ತರಿಸಿದ ಮೈನರ್ ಲೀಗ್ ಫೈಲಿನಲ್ಲಿ ಒಂದೇ ಹೆಸರಿನ ಇಬ್ಬರು ಪಿಚರ್‌ಗಳು ಒಬ್ಬನಾಗಿದ್ದರು. ಒಂದೇ ದಿನ ಎರಡು ಊರಲ್ಲಿ ಎಸೆದ ಸಾಹಸಿ! ತಾರೀಕು ಕೆಲವು ಕಡೆ ತಿಂಗಳು ಮೊದಲು, ಕೆಲವು ಕಡೆ ದಿನ ಮೊದಲು. ರಸೀದಿ ತಕ್ಷಣ ಬಂತು, ದೂರಿಗೆ ಉತ್ತರ ಇವತ್ತಿಗೂ ಇಲ್ಲ. ಇನ್ನೊಂದು ಎಚ್ಚರಿಕೆ: ಮೆಟ್ಸ್‌ನ ಟ್ರಿಪಲ್-ಎ ಆಗ ಲಾಸ್ ವೇಗಸ್‌ನಲ್ಲಿತ್ತು. ಒಣ ಗಾಳಿ, ಎತ್ತರದ ಜಾಗ, ಚೆಂಡು ಹಾರುತ್ತದೆ. 2014ರಲ್ಲಿ ಸಿಂಡರ್‌ಗಾರ್ಡ್‌ನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ನುಗಳ ಸರಾಸರಿ, ಕಮ್ಮಿಯಿದ್ದಷ್ಟು ಒಳ್ಳೆಯದು) ಅಲ್ಲಿ 4.60. ಮೈದಾನದ ಲೆಕ್ಕ ಸರಿಪಡಿಸದಿದ್ದರೆ ಆಪ್ಟಿಮೈಸರ್ ಅವನನ್ನು ಮೇಲಕ್ಕೆ ಕರೆಸುವುದೇ ಇಲ್ಲ.

ಫಲಿತಾಂಶ? ಖಾಯಂ ಆರು ಜನರ ರೊಟೇಷನ್ (ಸ್ಟಾರ್ಟರ್‌ಗಳ ಸರದಿ) ನನ್ನ ಮಾದರಿಯಲ್ಲಿ ಸೋತಿತು, ಡಿಗ್ರಾಮ್‌ನ ಸರದಿಗಳು ಸುಮ್ಮನೆ ಕಮ್ಮಿಯಾಗುತ್ತವೆ. ಗೆದ್ದದ್ದು ಐದು ಜನ ಮತ್ತು ಒಬ್ಬ ಓಡಾಡುವ ಆರನೆಯವನು: ಬಿಡುವಿಲ್ಲದೆ ಪಂದ್ಯಗಳಿರುವ ವಾರಗಳಲ್ಲಿ ಮಾತ್ರ ಬಂದು ಎಸೆದು ಹೋಗುವವನು. ಇನ್ನಿಂಗ್ಸ್ ಮಿತಿ ಹಾಕುವುದಾದರೆ ಸೀಸನ್ ಶುರುವಾಗುವ ಏಪ್ರಿಲ್‌ನಲ್ಲೇ ಉಳಿಸಬೇಕು. 2012ರಲ್ಲಿ ನ್ಯಾಷನಲ್ಸ್ ತಂಡದವರು, ಮೊಣಕೈ ಸರ್ಜರಿಯಿಂದ ವಾಪಸಾದ ಪಿಚರ್ ಸ್ಟ್ರಾಸ್‌ಬರ್ಗ್‌ನನ್ನು ಮೊದಲಿಂದ ಎಸೆಯಲು ಬಿಟ್ಟು ಸೆಪ್ಟೆಂಬರ್‌ನಲ್ಲಿ 159 ಇನ್ನಿಂಗ್ಸ್ ದಾಟಿದ ಮೇಲೆ ಕೂರಿಸಿದರು. 98 ಪಂದ್ಯ ಗೆದ್ದ ತಂಡ ಅಕ್ಟೋಬರ್‌ನ ನಾಕೌಟ್ ಸರಣಿಯಲ್ಲಿ ಅವನಿಲ್ಲದೆ ಕಾರ್ಡಿನಲ್ಸ್‌ಗೆ ಸೋತಿತು. ಅದೇ ವರ್ಷ, ಅದೇ ಡಿವಿಷನ್‌ನಲ್ಲಿ, ಅಂಥದೇ ಸರ್ಜರಿಯಾಗಿದ್ದ ಮೆಡ್ಲೆನ್‌ನನ್ನು ಬ್ರೇವ್ಸ್ ಬುಲ್‌ಪೆನ್‌ನಿಂದ ಶುರು ಮಾಡಿ ಜುಲೈ ಕೊನೆಗೆ ಸ್ಟಾರ್ಟರ್ ಮಾಡಿತು. ಅವನ 12 ಸ್ಟಾರ್ಟ್‌ಗಳನ್ನೂ ಗೆದ್ದಿತು. 2014ರಲ್ಲಿ ಅವನ ಮೊಣಕೈ ಮತ್ತೆ ಹೋಯಿತು, ಹಾಗಾಗಿ ಯಾರೂ ಜಂಬ ಪಡಬೇಕಾಗಿಲ್ಲ.

"ಇಷ್ಟೊಂದು ಜನ ಯಾಕೆ, ಒಬ್ಬನನ್ನು ಕೊಟ್ಟು ಬ್ಯಾಟ್ಸ್‌ಮನ್ ತರಬಾರದಾ" ಅಂತ ಕೇಳುವವರಿಗೆ: ಮೆಟ್ಸ್‌ನ ಎಳೆಯ ಐವರು (ಹಾರ್ವಿಯಿಂದ ವೀಲರ್‌ವರೆಗೆ) ಒಂದೇ ರೊಟೇಷನ್‌ನಲ್ಲಿ ಒಟ್ಟಿಗೆ ಒಂದು ಸುತ್ತು ಎಸೆದದ್ದು 2018ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಹಾರ್ವಿ ಬುಲ್‌ಪೆನ್ ಸೇರಿದ, ಮೇನಲ್ಲಿ ಸಿನ್ಸಿನಾಟಿಗೆ ಹೊರಟ. ಕಾಗದದ ಮೇಲಿನ ಏಳು ಮೈದಾನದಲ್ಲಿ ನಾಲ್ಕೂವರೆ.

ಈ ನಡುವೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ: ಇದೇ ದಣಿವಿನ ಮಾದರಿಯನ್ನು 2013-14 ಮತ್ತು 2014-15ರ ಕರ್ನಾಟಕ ರಣಜಿ ತಂಡಕ್ಕೆ ಹಾಕುವುದು. ವಿನಯ್, ಮಿಥುನ್, ಅರವಿಂದ್. ಎರಡು ಸೀಸನ್, ಎರಡು ಕಪ್. ನಾಲ್ಕೈದು ದಿನದ ಆ ಪಂದ್ಯಗಳಲ್ಲಿ ಆಪ್ಷನ್ ಇರಲಿಲ್ಲ, ಬುಲ್‌ಪೆನ್ ಇರಲಿಲ್ಲ, ಬದಲಿ ಬೌಲರ್ ಇರಲಿಲ್ಲ. ಡಾಕ್ಟರ್ ಫಂಕ್ಷನ್‌ಗೆ ಕೆಲಸ ಜಾಸ್ತಿ.

ಅದಕ್ಕೆ ಮೊದಲು ಇದನ್ನು ಮುಗಿಸಬೇಕು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಆಪ್ಟಿಮೈಸರ್ ಮೇ ತಿಂಗಳಲ್ಲೇ ಸಿಂಡರ್‌ಗಾರ್ಡ್‌ನನ್ನು ದಿನ ಬಿಟ್ಟು ದಿನ ಏಳನೇ ಇನ್ನಿಂಗ್ಸ್‌ಗೆ ಕರೆಸುತ್ತಿದೆ. 2015ರ ನಾಕೌಟ್ ಹಂತದ ಡಿವಿಷನ್ ಸರಣಿಯ ಐದನೇ ಪಂದ್ಯದಲ್ಲಿ ಡಾಡ್ಜರ್ಸ್ ಮೇಲೆ ಅದು ಫಲಿಸಿತು, ಸರಿ. ಆದರೆ ಬುಲ್‌ಪೆನ್‌ನಲ್ಲಿ ಎದ್ದು ಬಿಸಿಯಾಗಲು ಎಸೆಯುವ ಚೆಂಡುಗಳನ್ನು ರೆಟ್ರೊಶೀಟ್ ಎಣಿಸುವುದಿಲ್ಲ, ನನ್ನ ಮಾದರಿಯಲ್ಲಿ ಅವೆಲ್ಲ ಪುಕ್ಕಟೆ. ಅವಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ಯಾರಿಗಾದರೂ ಹೊಳೆದರೆ ತಿಳಿಸಿ.