ಪತ್ಮೋಸ್ ದ್ವೀಪದಲ್ಲಿ ಒಂದು ಹಗಲು: ಹಡಗಿನಿಂದ ಇಳಿದವರು ಮೊದಲು ಬೆಟ್ಟಕ್ಕೆ ಹೋಗಿ

ಸಣ್ಣ ಹಡಗಿನಲ್ಲಿ ಗ್ರೀಸ್ ಸುತ್ತುವ ಯೋಜನೆಯಲ್ಲಿ ಪತ್ಮೋಸ್ ಇದ್ದರೆ, ದುಡ್ಡು ಕಟ್ಟುವ ಮುಂಚೆ ಹಡಗು ಅಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ದ್ವೀಪ ಪುಟ್ಟದು, ಸುಮಾರು 34 ಚದರ ಕಿ.ಮೀ. ನೋಡಲೇಬೇಕಾದವು ಎರಡು: ಸಂತ ಯೋಹಾನನ ಮಠ ಮತ್ತು ಪ್ರಕಟನೆಯ ಗುಹೆ. ಎರಡೂ ಬೆಳಿಗ್ಗೆ ಎಂಟರ ಸುಮಾರಿಗೆ ತೆರೆದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮುಚ್ಚುತ್ತವೆ. ಸಂಜೆ ತೆರೆಯುವುದು ವಾರದ ಕೆಲವು ದಿನ ಮಾತ್ರ. ಮೂರು-ನಾಲ್ಕು ದಿನದ ಎಷ್ಟೋ ಪ್ರವಾಸಗಳು ಸಂಜೆ ಇಳಿಸಿ ರಾತ್ರಿ ಹೊರಡುತ್ತವೆ. ಅಂಥ ಹಡಗಾದರೆ ತಮ್ಮ ಗುಂಪಿಗೆ ಮಠ ತೆರೆಸುವ ಏರ್ಪಾಡು ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಇಲ್ಲದಿದ್ದರೆ ಬಂದರಿನ ಅಂಗಡಿ ಬೀದಿ ನೋಡಿ ಹಿಂದಿರುಗಬೇಕಾಗುತ್ತದೆ.

ವೀಸಾದಲ್ಲಿ ಎಡವುವವರೂ ಇದ್ದಾರೆ. ಈ ಮಾರ್ಗದ ಬಹಳಷ್ಟು ಹಡಗುಗಳು ಟರ್ಕಿಯ ಕುಶಾದಾಸಿ ಬಂದರಿಗೂ ಹೋಗುತ್ತವೆ. ಅಲ್ಲಿಗೆ ಹೋದರೆ ಷೆಂಗೆನ್ ವಲಯದಿಂದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಿಂದ, ಹೊರಬಂದ ಹಾಗೆ, ಮತ್ತೆ ಗ್ರೀಕ್ ದ್ವೀಪಕ್ಕೆ ಬಂದರೆ ಅದು ಎರಡನೆಯ ಪ್ರವೇಶ. ಭಾರತದ ಪಾಸ್‌ಪೋರ್ಟ್ ಇರುವವರು ಅರ್ಜಿಯಲ್ಲೇ ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾ ಕೇಳಿ, ಹಡಗಿನ ಮಾರ್ಗಪಟ್ಟಿಯನ್ನು ಜೊತೆಗಿಡಿ. ಟರ್ಕಿಯ ವೀಸಾ ವಿಷಯವೇ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. 2025ರ ಜುಲೈನಿಂದ ಗ್ರೀಸ್ ಹಡಗಿನ ಪ್ರಯಾಣಿಕರಿಗೆ ಇಳಿಯುವ ಶುಲ್ಕ ಹಾಕಿದೆ: ಸಾಂಟೊರಿನಿ ಮತ್ತು ಮಿಕೊನೋಸ್‌ನಲ್ಲಿ ಬೇಸಿಗೆಗೆ 20 ಯೂರೋ, ಪತ್ಮೋಸ್‌ನಂಥ ಉಳಿದ ಬಂದರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 5, ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ 3, ಚಳಿಗಾಲದಲ್ಲಿ 1 ಯೂರೋ. ಇದನ್ನು ವಸೂಲಿ ಮಾಡುವುದು ಹಡಗಿನವರು, ಟಿಕೆಟ್ಟಿನಲ್ಲಿ ಸೇರಿದೆಯೋ ಇಲ್ಲವೋ ವಿಚಾರಿಸಿಕೊಳ್ಳಿ.

ಬಂದರು ಇರುವುದು ಸ್ಕಾಲಾ ಎಂಬ ಊರಿನಲ್ಲಿ. ಸಣ್ಣ ಹಡಗು ದಕ್ಕೆಗೇ ತಾಗಿ ನಿಲ್ಲಬಹುದು. ಅಲ್ಲಿ ದೊಡ್ಡ ದೋಣಿಗಳಿದ್ದರೆ ಕೊಲ್ಲಿಯಲ್ಲೇ ಲಂಗರು ಹಾಕಿ ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ದಡಕ್ಕೆ ಇಳಿಸುತ್ತಾರೆ. ದೋಣಿ ಅಲೆಯ ಮೇಲೆ ಏಳುತ್ತದೆ, ಇಳಿಯುತ್ತದೆ. ಅದು ಮೇಲೆ ಬಂದ ಕ್ಷಣ ಕಾಲಿಡಬೇಕು, ಕೆಳಗೆ ಹೋಗುವಾಗ ಅಲ್ಲ. ನಾವಿಕ ಕೈ ಚಾಚಿದಾಗ ಬೆರಳು ಹಿಡಿಯಬೇಡಿ. ಅವನ ಮಣಿಕಟ್ಟನ್ನು ನೀವು, ನಿಮ್ಮದನ್ನು ಅವನು ಹಿಡಿದರೆ ಒದ್ದೆ ಕೈಯಾದರೂ ಜಾರುವುದಿಲ್ಲ. ಎರಡೂ ಕೈ ಖಾಲಿ ಇರಬೇಕು, ಹಾಗಾಗಿ ಬೆನ್ನಚೀಲ ಒಳ್ಳೆಯದು. ಸೀರೆ ಉಟ್ಟವರು ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಇಳಿಯಿರಿ. ಪಾಸ್‌ಪೋರ್ಟನ್ನು ಹೆಚ್ಚಾಗಿ ಹಡಗಿನವರೇ ಇಟ್ಟುಕೊಂಡಿರುತ್ತಾರೆ, ಅದರ ನಕಲು ಮತ್ತು ಹಡಗಿನ ಕಾರ್ಡು ಜೇಬಿನಲ್ಲಿರಲಿ. ಸಮುದ್ರದ ನಡುವೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡರೆ ಬಿಲ್ಲು ಜೋರು ಬರುತ್ತದೆ, ದಡ ಮುಟ್ಟುವ ತನಕ ಏರೋಪ್ಲೇನ್ ಮೋಡ್‌ನಲ್ಲಿಡಿ.

ದಡ ಸೇರಿದ ಮೇಲೆ ಕಾಫಿಗೆ ಕೂರಬೇಡಿ. ದಕ್ಕೆಯ ಹತ್ತಿರವೇ ಟ್ಯಾಕ್ಸಿ ನಿಲ್ದಾಣವಿದೆ, ಆದರೆ ಟ್ಯಾಕ್ಸಿಗಳು ಕಡಿಮೆ. ಬಸ್ಸೂ ಇದೆ, ದಿನಕ್ಕೆ ಕೆಲವೇ ಸಲ. ಟ್ಯಾಕ್ಸಿ ಹಿಡಿದು ನೇರ ಮೇಲಿನ ಊರಿಗೆ ಹೋಗಿ. ಅದರ ಹೆಸರು ಹೋರಾ. ನಕ್ಷೆಯಲ್ಲಿ ನೋಡಿ ಚೋರಾ ಎನ್ನಬೇಡಿ. ಹತ್ತುವುದು ಗಾಡಿಯಲ್ಲಿ, ಇಳಿಯುವುದು ಕಾಲ್ನಡಿಗೆಯಲ್ಲಿ. ಈ ಕ್ರಮ ಹಿಡಿದರೆ ದಿನ ಸಲೀಸು. ಬಿಸಿಲಿನಲ್ಲಿ ಹತ್ತಲು ಮುಕ್ಕಾಲು ಗಂಟೆ ಬೇಕು, ಮಠ ತಲುಪುವಷ್ಟರಲ್ಲಿ ನೋಡುವ ಶಕ್ತಿಯೇ ಉಳಿದಿರುವುದಿಲ್ಲ.

ಮಠ ದೂರದಿಂದ ಕೋಟೆಯಂತೆಯೇ ಕಾಣುತ್ತದೆ, ಕಟ್ಟಿದ್ದೂ ಹಾಗೆಯೇ, ಕಡಲ್ಗಳ್ಳರ ಭಯದಿಂದ. ಬೈಜಾಂಟಿಯಂ ಚಕ್ರವರ್ತಿ ಮೊದಲನೆಯ ಅಲೆಕ್ಸಿಯೋಸ್ 1088ರಲ್ಲಿ ಇಡೀ ದ್ವೀಪವನ್ನೇ ಕ್ರಿಸ್ತೋದುಲೋಸ್ ಎಂಬ ಸನ್ಯಾಸಿಗೆ ದತ್ತಿ ಕೊಟ್ಟ. ನಮ್ಮಲ್ಲಿ ಅಗ್ರಹಾರಕ್ಕೆ ತಾಮ್ರಪಟ ಬರೆದುಕೊಟ್ಟಂತೆ, ಆ ದಾನಪತ್ರ ಮಠದ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದೇ ಸಂಗ್ರಹಾಲಯದಲ್ಲಿ ಕಾಲು ನಿಲ್ಲಿಸಬೇಕಾದ ಇನ್ನೊಂದು ವಸ್ತು ಆರನೆಯ ಶತಮಾನದ ಮಾರ್ಕನ ಸುವಾರ್ತೆಯ ಹಾಳೆಗಳು. ನೇರಳೆ ಬಣ್ಣ ಹಾಕಿದ ಚರ್ಮದ ಮೇಲೆ ಬೆಳ್ಳಿಯ ಅಕ್ಷರ, ದೇವರ ಹೆಸರು ಬರುವಲ್ಲಿ ಚಿನ್ನ. ಆ ಗ್ರಂಥದ ಹೆಚ್ಚಿನ ಹಾಳೆಗಳು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿವೆ, ಇಲ್ಲಿ ಉಳಿದದ್ದು 33. ಗುಂಪಿನ ಮಾರ್ಗದರ್ಶಕರು ಅಂಗಳ ತೋರಿಸಿ ಸಂಗ್ರಹಾಲಯ ಬಿಟ್ಟು ಹೊರಡುವುದುಂಟು. ಅದಕ್ಕೆ ಬೇರೆ ಟಿಕೆಟ್ಟಾದರೂ ಕೊಂಡು ಒಳಗೆ ಹೋಗಿ. ಸಣ್ಣ ನೋಟು, ಚಿಲ್ಲರೆ ಕೈಯಲ್ಲಿರಲಿ. ಎಲ್ಲ ಸೇರಿ ಒಂದೂವರೆ ಗಂಟೆ ಬೇಕು.

ಉಡುಪಿನ ವಿಷಯದಲ್ಲಿ ಕಟ್ಟುನಿಟ್ಟು. ಭುಜ, ಮೊಣಕಾಲು ಮುಚ್ಚಿರಬೇಕು, ಗಂಡಸರಿಗೂ ಚಡ್ಡಿ ನಡೆಯದು. ಚೂಡಿದಾರ್, ದುಪಟ್ಟಾ, ಸೀರೆಗೆ ತೊಂದರೆಯಿಲ್ಲ. ಜೀನ್ಸ್ ತೊಟ್ಟ ಹೆಂಗಸರಿಗೆ ಸುತ್ತಿಕೊಳ್ಳುವ ಬಟ್ಟೆ ಕೊಟ್ಟರೆ ಬೇಸರಿಸಬೇಡಿ. ಚಪ್ಪಲಿ ಬಿಡುವ ಪದ್ಧತಿ ಇಲ್ಲ, ಬಾಗಿಲಲ್ಲಿ ಬಿಡಲು ಹೋದರೆ ಹಿಂದಿನವರ ದಾರಿ ಕಟ್ಟುತ್ತದೆ. ಗಂಡಸರು ಟೋಪಿ ತೆಗೆಯಬೇಕು. ಮೇಣದ ಬತ್ತಿ ಹಚ್ಚುವುದಿದ್ದರೆ ಪೆಟ್ಟಿಗೆಗೆ ನಾಣ್ಯ ಹಾಕಿ ಒಂದು ತೆಗೆದುಕೊಳ್ಳಬಹುದು, ಯಾವ ಮತದವರಿಗೂ ಅಡ್ಡಿಯಿಲ್ಲ.

ಹೋರಾದ ಬಿಳಿ ಗಲ್ಲಿಗಳಿಗೆ ಅರ್ಧ ಗಂಟೆ ಕೊಡಿ. ಊರಿನ ಅಂಚಿನಲ್ಲಿ ಮೂರು ಗಾಳಿಗಿರಣಿಗಳಿವೆ. ಎರಡು 1588ರವು, ಮೂರನೆಯದು 1863ರದು. ಅಲ್ಲಿಂದ ಇಡೀ ಕೊಲ್ಲಿಯೂ ನಿಮ್ಮ ಹಡಗೂ ಕಾಣುತ್ತವೆ. ಆಮೇಲೆ ಕಲ್ಲು ಹಾಸಿದ ಹಳೆಯ ಕಾಲುದಾರಿ ಹಿಡಿದು ಕೆಳಗಿಳಿಯಿರಿ. ನಡೆದು ನಡೆದು ಕಲ್ಲು ನುಣುಪಾಗಿದೆ, ಇಳಿಜಾರಿನಲ್ಲಿ ಚಪ್ಪಟೆ ಅಟ್ಟೆಯ ಚಪ್ಪಲಿ ಜಾರುತ್ತದೆ. ಮಂಡಿನೋವು ಇದ್ದವರು ಟ್ಯಾಕ್ಸಿಯವರಿಗೆ ವಾಪಸಿನ ಸಮಯ ಹೇಳಿಟ್ಟು ಗಾಡಿಯಲ್ಲೇ ಬರುವುದು ಮೇಲು.

ಸುಮಾರು ಕಾಲು ಗಂಟೆಯಲ್ಲಿ ಗುಹೆ. ಬಾಗಿಲಿನಿಂದ ಒಳಗೆ ಮೆಟ್ಟಿಲುಗಳಲ್ಲಿ ಕೆಳಗಿಳಿಯಬೇಕು, ಮತ್ತೆ ಹತ್ತಿಯೇ ಬರಬೇಕು. ಗಾಲಿಕುರ್ಚಿ ಹೋಗದು. ರೋಮಿನ ಚಕ್ರವರ್ತಿ ದೊಮಿತಿಯಾನನ ಕಾಲದಲ್ಲಿ ಗಡಿಪಾರಾಗಿ ಬಂದ ಯೋಹಾನನಿಗೆ ದರ್ಶನವಾದದ್ದು ಇಲ್ಲಿ ಎಂಬುದು ನಂಬಿಕೆ. ಕನ್ನಡ ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಮೊದಲ ಅಧ್ಯಾಯದ 9ನೆಯ ವಚನದಲ್ಲಿ ಈ ದ್ವೀಪದ ಹೆಸರಿದೆ, ಹೊರಡುವ ಮುಂಚೆ ಆ ಅಧ್ಯಾಯ ಓದಿಕೊಂಡರೆ ಗುಹೆಯಲ್ಲಿ ತೋರಿಸುವುದೆಲ್ಲ ಅರ್ಥವಾಗುತ್ತದೆ. ಮೇಲಿನ ಬಂಡೆಯಲ್ಲಿ ಮೂರಾಗಿ ಸೀಳಿದ ಬಿರುಕು, ತಲೆಯಿಟ್ಟು ಮಲಗುತ್ತಿದ್ದರೆನ್ನುವ ಪೊಟರೆ, ಏಳುವಾಗ ಕೈಯೂರುತ್ತಿದ್ದ ತಾಣ. ಕೊನೆಯ ಎರಡಕ್ಕೂ ಬೆಳ್ಳಿಯ ಅಂಚು ಕಟ್ಟಿದ್ದಾರೆ. ಜಾಗ ಬಲು ಇಕ್ಕಟ್ಟು. ದೊಡ್ಡ ಹಡಗಿನ ಬಸ್ಸುಗಳು ಬಂದಿದ್ದರೆ ಒಳಗೆ ನಿಲ್ಲಲೂ ಆಗದು, ಹೊರಗೆ ಹದಿನೈದು ನಿಮಿಷ ಕಾದರೆ ಒಂದು ಗುಂಪು ಖಾಲಿಯಾಗುತ್ತದೆ. ಫೋಟೊ ತೆಗೆಯುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಅಲ್ಲಿಂದ ಸ್ಕಾಲಾಗೆ ಇನ್ನೊಂದು ಇಪ್ಪತ್ತು-ಇಪ್ಪತ್ತೈದು ನಿಮಿಷದ ಇಳಿತ.

ಊಟದ ಹೊತ್ತಿಗೆ ಬಂದರಿನಲ್ಲಿರುತ್ತೀರಿ. ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ, ಆದರೆ ಕೇಳುವ ರೀತಿ ಗೊತ್ತಿರಬೇಕು. 'ನಿಸ್ತೀಸಿಮೊ' ಎಂದರೆ ಅವರ ವ್ರತದ ಊಟ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲದಿದ್ದರೂ ಸೀಗಡಿ, ಆಕ್ಟೋಪಸ್ ಇರಬಹುದು, ಏಕೆಂದರೆ ಅವು ವ್ರತಕ್ಕೆ ನಿಷಿದ್ಧವಲ್ಲ. ಈ ಪದ ನಂಬಿ ಮೋಸಹೋಗಬೇಡಿ. 'ಹೋರೀಸ್ ಕ್ರೆಆಸ್, ಹೋರೀಸ್ ಪ್ಸಾರಿ, ಹೋರೀಸ್ ಥಲಸ್ಸಿನಾ' ಎನ್ನಿ: ಮಾಂಸ ಬೇಡ, ಮೀನು ಬೇಡ, ಸೀಗಡಿ-ಆಕ್ಟೋಪಸ್‌ನಂಥ ಕಡಲ ಜೀವಿಗಳೂ ಬೇಡ. ನಮ್ಮ ತೊವ್ವೆಯನ್ನು ಗಟ್ಟಿ ಮಾಡಿ ಆಲಿವ್ ಎಣ್ಣೆ ಸುರಿದಂತಿರುವ ಫಾವಾ, ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು ಯೀಗಂಡೆಸ್, ಕಡಲೆಕಾಳಿನ ರೆವಿಥಿಯಾ, ತರಕಾರಿಗಳ ಬ್ರಿಯಾಮ್ ಇವೆಲ್ಲ ನಾಲಿಗೆಗೆ ಒಗ್ಗುತ್ತವೆ. ಅಕ್ಕಿ ತುಂಬಿದ ಟೊಮೆಟೊ ಯೆಮಿಸ್ತಾ ತರಿಸುವಾಗ ಕೀಮಾ ಇದೆಯೇ ಕೇಳಿ. ಕುಡಿಯಲು ಬಾಟಲಿ ನೀರೇ ಸರಿ. ಶೌಚಾಲಯದಲ್ಲಿ ಕಾಗದವನ್ನು ಪಕ್ಕದ ಬುಟ್ಟಿಗೆ ಹಾಕಬೇಕು, ಅಲ್ಲಿನ ಕೊಳವೆ ಸಣ್ಣದು.

ಮಧ್ಯಾಹ್ನ ಉಳಿದರೆ ಗ್ರೀಕೋಸ್ ಕಡಲತೀರ. ನೀರು ಆಳವಿಲ್ಲ, ಶಾಂತ, ಈಜು ಬಾರದವರಿಗೂ ಒಳ್ಳೆಯದು. ಪ್ಸಿಲಿ ಆಮ್ಮೋಸ್ ಚೆಂದವೆಂದು ಯಾರೋ ಹೇಳಿಯಾರು, ನಿಜ, ಆದರೆ ದೋಣಿ ಹಿಡಿಯಬೇಕು, ಇಲ್ಲವೇ ರಸ್ತೆ ಮುಗಿದ ಮೇಲೆ ಅರ್ಧ ಗಂಟೆ ನಡೆಯಬೇಕು. ಹಡಗಿನವರಿಗೆ ಅದು ಬೇಡ. ಉತ್ತರದ ಲಾಂಬಿಯಲ್ಲಿ ಬಣ್ಣದ ಬೆಣಚುಕಲ್ಲುಗಳಿವೆ, ನೋಡಿ ಅಲ್ಲೇ ಬಿಡಿ. ಕಡಲತೀರದ ಕಲ್ಲು ಒಯ್ಯುವುದು ಕಾನೂನಿಗೆ ವಿರುದ್ಧ.

ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಮಧ್ಯಾಹ್ನದ ಮೇಲೆ ಬಲಗೊಳ್ಳುತ್ತದೆ. ಗಾಳಿ ಹೆಚ್ಚಾದರೆ ಕ್ಯಾಪ್ಟನ್ ಟೆಂಡರ್ ಓಡಾಟದ ವೇಳೆ ಹಿಂದುಮುಂದು ಮಾಡಬಹುದು. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತ ಹೋದವರಿಗಾಗಿ ಕಾಯುವುದಿಲ್ಲ. ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬಂದರು ಸೇರಲು ಫೆರ್ರಿಯೇ ಗತಿ, ಅದೂ ಮರುದಿನಕ್ಕೆ ಹೋಗಬಹುದು. ಕೊನೆಯ ದೋಣಿಯನ್ನು ನಂಬಿಕೊಳ್ಳದೆ ಅದರ ಹಿಂದಿನದಕ್ಕೇ ದಕ್ಕೆಯಲ್ಲಿರಿ.