ಮೆಟ್ಟಿಲ ಒತ್ತು ಜಾರಿತು

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆಯ ತಾಂಬೂಲದ ಚೀಲ, ಕ್ರಿಕೆಟ್ ಟೀಮಿನ ಜೆರ್ಸಿ, ನವೆಂಬರ್ ಬಂದರೆ ಹಳದಿ ಕೆಂಪು ಟೀ ಶರ್ಟು. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಕೆಲಸವೂ ಕಡಿಮೆ. ಆ ಬಿಡುವಿನಲ್ಲೇ ಈ ಆರ್ಡರ್ ಬಂತು.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಎಂಥ ಜನ ಸೇರುತ್ತಾರೆ ಅಂತ ಮೈಸೂರಿನವರಿಗೆ ಹೇಳಬೇಕಿಲ್ಲ. ಮೆಟ್ಟಿಲು ಹತ್ತುವವರು ಬಿಟ್ಟುಹೋಗುವ ಬಾಟಲಿ, ಕವರು, ಪ್ರಸಾದದ ದೊನ್ನೆಗಳನ್ನು ಎತ್ತಲು ಒಂದಷ್ಟು ಜನ ಸ್ವಯಂಸೇವಕರು ಸೇರಿದ್ದರು. ಅವರಿಗೆ 140 ಟೀ ಶರ್ಟು ಬೇಕಿತ್ತು. ಕಡು ಹಸಿರು ಬಟ್ಟೆ, ಬಿಳಿ ಅಕ್ಷರ. ಎದೆಯ ಮೇಲೆ ಸಣ್ಣ ಚಿತ್ರ, ಬೆನ್ನ ಮೇಲೆ ಎರಡು ಸಾಲು: "ಮೆಟ್ಟಿಲ ಮೇಲೆ ಕಸ ಬೇಡ. ಹೊತ್ತು ತಂದದ್ದು ಹೊತ್ತುಕೊಂಡೇ ಹೋಗಿ." ಒಬ್ಬೊಬ್ಬರೂ ಸ್ವಂತ ಜೇಬಿಂದ 250 ರೂಪಾಯಿ ಹಾಕಿದ್ದರು. ಮೊದಲ ಶುಕ್ರವಾರಕ್ಕೆ ಹನ್ನೊಂದು ದಿನ ಉಳಿದಿತ್ತು.

ಮೊದಲು ಬಟ್ಟೆಯ ಮಾತು. ಅವರು ಕೇಳಿದ್ದು ಪಾಲಿಯೆಸ್ಟರ್, ಬೇಗ ಒಣಗುತ್ತೆ ಅಂತ. ನಾನು ಬೇಡ ಅಂದೆ. ಹಿಂದೆ ಒಂದು ಕಬಡ್ಡಿ ಟೀಮಿಗೆ ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ನಂಬರ್ ಹೊಡೆದುಕೊಟ್ಟಿದ್ದೆ. ಕೊಡುವಾಗ ಹಾಲಿನಂಥ ಬಿಳಿ. ಎರಡು ದಿನ ಬಿಟ್ಟು ನೋಡಿದರೆ ರೋಸ್ ಮಿಲ್ಕ್! ನಾವು ಬಳಸುವ ಪ್ಲಾಸ್ಟಿಸಾಲ್ ಇಂಕು ಗಾಳಿಗೆ ಒಣಗುವುದಿಲ್ಲ. ಸುಮಾರು 160 ಡಿಗ್ರಿ ಬಿಸಿ ತಾಗಿದರೆ ಮಾತ್ರ ಗಟ್ಟಿಯಾಗುತ್ತದೆ. ಅದೇ ಬಿಸಿಗೆ ಪಾಲಿಯೆಸ್ಟರಿನ ಬಣ್ಣ ಆವಿಯಾಗಿ ಮೇಲೆದ್ದು ಇಂಕಿನೊಳಗೆ ಸೇರಿಕೊಳ್ಳುತ್ತದೆ. ಕಡಿಮೆ ಬಿಸಿಗೆ ಕೂರುವ ಇಂಕೂ ಸಿಗುತ್ತದೆ, ಆದರೆ ಒಮ್ಮೆ ಸುಟ್ಟುಕೊಂಡವನಿಗೆ ಧೈರ್ಯ ಸಾಲದು. 180 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹತ್ತಿ ಬಟ್ಟೆಗೆ ಒಪ್ಪಿಸಿ, ತಿರುಪ್ಪೂರಿನಿಂದ ತರಿಸಿದೆ. ಆಮೇಲೆ ತುಂತುರು ಮಳೆಯಲ್ಲಿ ನೆನೆದು ಒದ್ದೆ ಗೋಣಿಚೀಲದಂತೆ ಜೋತುಬಿದ್ದ ಆ ಹತ್ತಿಯನ್ನು ನೋಡಿದಾಗ, ಅವರು ಕೇಳಿದ್ದೇ ಸರಿ ಇತ್ತೇನೋ ಅನ್ನಿಸಿದ್ದು ನಿಜ.

ಸೈಜಿನ ವಿಷಯದಲ್ಲಿ ಮಾತ್ರ ಈ ಸಲ ಜಾಣತನ ತೋರಿಸಿದ್ದೆ. ನಿಮ್ಮ ಸೈಜ್ ಏನು ಅಂತ ಕೇಳಿದರೆ ಎಲ್ಲರೂ ಹತ್ತು ವರ್ಷದ ಹಿಂದಿನದನ್ನೇ ಹೇಳುತ್ತಾರೆ. ಹಾಗಾಗಿ, ಸರಿಯಾಗಿ ಕೂರುವ ಒಂದು ಟೀ ಶರ್ಟನ್ನು ಮಂಚದ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಎಷ್ಟು ಇಂಚು ಅಂತ ಟೇಪು ಹಿಡಿದು ಹೇಳಿ ಅಂದೆ. 20 ಬಂದರೆ 40 ಸೈಜು, ಅಷ್ಟೇ. 140ರಲ್ಲಿ ಬದಲಿಸಿ ಕೊಡಿ ಅಂತ ಬಂದದ್ದು ಮೂರೇ ಮೂರು.

ಎಡವಿದ್ದು ಅಕ್ಷರದಲ್ಲಿ.

ಅವರು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ದೊಡ್ಡದು ಮಾಡಿದರೆ ಮಸುಕಾಗುತ್ತಿತ್ತು. ಆದ್ದರಿಂದ ನಮ್ಮ ಡಿಸೈನ್ ಹುಡುಗ ಎರಡೂ ಸಾಲನ್ನು ನುಡಿ ಫಾಂಟಿನಲ್ಲಿ ಹೊಸದಾಗಿ ಕೂರಿಸಿದ. ಚೆನ್ನಾಗಿಯೇ ಇತ್ತು. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "ಅಣ್ಣಾ, ಹೋಗಿ ಬೇಡ, ಹೋಗೋಣ ಅಂತ ಹಾಕಿ. ಆರ್ಡರ್ ಮಾಡಿದ ಹಾಗೆ ಇರಬಾರದು." ಒಳ್ಳೆ ಮಾತೇ. ಹುಡುಗ ಮನೆಗೆ ಹೋಗಿದ್ದ. ಒಂದು ಪದ ತಾನೇ ಅಂತ ನಾನೇ ಕೂತೆ. ಮೆಸೇಜಿನ ಕೆಳಗೆ ಅವರು ತಿದ್ದಿ ಟೈಪ್ ಮಾಡಿದ್ದ ಎರಡೂ ಸಾಲನ್ನು ಕಾಪಿ ಮಾಡಿ ಡಿಸೈನಿಗೆ ಪೇಸ್ಟ್ ಮಾಡಿದೆ.

ಈ ಕೆಲಸದಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದು ಗೊತ್ತಾಗಿರುತ್ತದೆ. ಹಳೇ ನುಡಿ ಫಾಂಟಿನಲ್ಲಿ ಒತ್ತುಗಳೇ ಬೇರೆ ಚಿಹ್ನೆಗಳಾಗಿ ಇರುತ್ತವೆ. ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಅದರಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರ ಇರುವುದಿಲ್ಲ. ಟ, ನಡುವೆ ಒಂದು ಹಲಂತ (ಅಕ್ಷರದ ಸ್ವರ ಕಳೆಯುವ ಗುರುತು), ಆಮೇಲೆ ಇನ್ನೊಂದು ಟ, ಹೀಗೆ ಸಾಲಾಗಿ ಕೂತಿರುತ್ತವೆ. ಅವನ್ನು ಕೂಡಿಸಿ ಒತ್ತು ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ನಮ್ಮದು ಹಳೇ ವರ್ಷನ್ನು, ಅದಕ್ಕೆ ಆ ವಿದ್ಯೆ ಬರುವುದಿಲ್ಲ. ಹಾಗಾಗಿ "ಮೆಟ್ಟಿಲ" ಹೋಗಿ "ಮೆಟ್‌ಟಿಲ" ಆಯಿತು. "ಹೊತ್ತು" ಹೋಗಿ "ಹೊತ್‌ತು", "ತಂದದ್ದು" ಹೋಗಿ "ತಂದದ್‌ದು". ಇದು ನನಗೆ ಗೊತ್ತಿಲ್ಲದ ಸಂಗತಿ ಅಲ್ಲ. ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ. ಆದರೆ ಆ ರಾತ್ರಿ ನಾನು ನೋಡಿದ್ದು "ಹೋಗೋಣ" ಸರಿಯಾಗಿ ಬಂತಾ ಅಂತ ಮಾತ್ರ. ಅದರಲ್ಲಿ ಒತ್ತಕ್ಷರವೇ ಇಲ್ಲ ನೋಡಿ, ಸರಿಯಾಗಿಯೇ ಬಂದಿತ್ತು.

ಅವರ ವಾಟ್ಸಾಪ್ ಗುಂಪಿಗೆ ಮಾಕಪ್, ಅಂದರೆ ಟೀ ಶರ್ಟಿನ ಮೇಲೆ ಹೇಗೆ ಕಾಣುತ್ತೆ ಅಂತ ತೋರಿಸುವ ಚಿತ್ರ, ಕಳಿಸಿದೆ. ಗುಂಪಿನಲ್ಲಿ ಅರವತ್ತಕ್ಕೂ ಹೆಚ್ಚು ಜನ. ಬೆಳಿಗ್ಗೆ ಎದ್ದು ನೋಡಿದರೆ ಸಾಲು ಸಾಲು ಹೆಬ್ಬೆರಳು, ಚಪ್ಪಾಳೆ, ಕೈ ಮುಗಿದ ಚಿತ್ರ. "ಸೂಪರ್ ಅಣ್ಣಾ" ಅಂತ ಎಂಟು ಜನ. ಒಬ್ಬರು ಚಿತ್ರ ಸ್ವಲ್ಪ ಮೇಲೆ ಬರಲಿ ಅಂದರು, ಮೇಲೆ ಮಾಡಿದೆ. ಅಕ್ಷರ ಯಾರೂ ಓದಲಿಲ್ಲ. ಏನು ಬರೆದಿದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ.

ಪಾಸಿಟಿವ್ (ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಮೂಡಿಸಿದ ಡಿಸೈನು) ತೆಗೆದು ಸ್ಕ್ರೀನ್, ಅಂದರೆ ಇಂಕು ಇಳಿಸುವ ಬಲೆ, ಮಾಡಿದೆವು. ಕಡು ಬಣ್ಣದ ಬಟ್ಟೆ ಮೇಲೆ ಬಿಳಿ ಒಂದೇ ಏಟಿಗೆ ನಿಲ್ಲುವುದಿಲ್ಲ. ಬಲೆಯ ಮೇಲೆ ಒಮ್ಮೆ ಇಂಕು ಎಳೆದು, ಹೀಟರ್ ಕೆಳಗೆ ಕೆಲವು ಸೆಕೆಂಡು ಆರಿಸಿ, ಅದರ ಮೇಲೆ ಇನ್ನೊಮ್ಮೆ ಎಳೆಯಬೇಕು. ಮೊದಲ ಪೀಸನ್ನು ನಾನೇ ಬೆಳಕಿಗೆ ಹಿಡಿದು ನೋಡಿದೆ. ಬಿಳಿ ದಟ್ಟವಾಗಿತ್ತು. ಅಂಚು ಚೂಪಾಗಿತ್ತು. ಬಟ್ಟೆ ಹಿಗ್ಗಿಸಿ ನೋಡಿದರೆ ಇಂಕು ಬಿರುಕು ಬಿಡಲಿಲ್ಲ. ಹೊಡೀರಿ ಅಂದೆ.

ಮಡಚಿ ಕವರಿಗೆ ಹಾಕುವ ಅಕ್ಕ ನಮ್ಮಲ್ಲಿ ಆರು ವರ್ಷದಿಂದ ಇದ್ದಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಓದುವಾಗ ಈಗಲೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾರೆ. ಮಧ್ಯಾಹ್ನ ಒಂದು ಟೀ ಶರ್ಟು ಹಿಡಿದುಕೊಂಡು ಬಂದರು.

"ಸಾ, ಇದ್ಯಾಕೆ ಹಿಂಗೈತೆ? ಟಾವತ್ತು ಕೆಳಗಡೆ ಬರ್ಬೇಕಲ್ವಾ?"

ಕಾಲು ತಣ್ಣಗಾಯಿತು. ಅಷ್ಟರಲ್ಲಿ 34 ಆಗಿದ್ದವು.

ನಾವು ಓದು ಬಂದವರು ಪದದ ಆಕಾರ ಕಂಡರೆ ಸಾಕು, ಮಿಕ್ಕಿದ್ದನ್ನು ತಲೆಯಿಂದ ತುಂಬಿಕೊಳ್ಳುತ್ತೇವೆ. ಅಕ್ಕ ಹಾಗೆ ಮಾಡುವುದಿಲ್ಲ. ಅವರ ಬೆರಳು ಟಕಾರದ ಹತ್ತಿರ ನಿಂತುಬಿಟ್ಟಿತ್ತು. ನುಡಿಯಲ್ಲೇ ಮತ್ತೆ ಟೈಪ್ ಮಾಡಿಸಿ, ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿದೆ. "ನಂಗೇನ್ ಗೊತ್ತು ಸಾ" ಅಂತ ನಾಚಿಕೊಂಡೇ, ಎರಡೂ ಸಾಲನ್ನು ಐದು ನಿಮಿಷ ತೆಗೆದುಕೊಂಡು ಓದಿದರು. "ಸರಿ ಐತೆ" ಅಂದಮೇಲೆ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸಿ, ಮತ್ಯಾರೂ ತಿದ್ದದಂತೆ ಬೀಗ ಹಾಕಿದೆವು. ಈ ಸಲ ಇನ್ನೊಂದೂ ಕಂಡಿತು. "ದ್ದು"ವಿನ ಒತ್ತಿನ ಒಳಗಿನ ಸಣ್ಣ ಜಾಗ ಇಂಕು ಕೂತು ಮುಚ್ಚಿಹೋಗುವಂತಿತ್ತು. ಅಕ್ಷರವನ್ನು ಒಂದು ಗೆರೆ ದೊಡ್ಡದು ಮಾಡಿ, ಸೆಂಟಿಮೀಟರಿಗೆ 43 ಎಳೆಯ ಬಲೆ ಬಿಟ್ಟು 77ರ ಬಲೆಗೆ ಹೋದೆವು. ಕನ್ನಡಕ್ಕೆ ಒತ್ತೇ ಜೀವ, ಅದರ ಅಳತೆ ನೋಡಿಯೇ ಬಲೆ ಆರಿಸಬೇಕು. ಇಂಗ್ಲಿಷ್ ಅಕ್ಷರದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೊಸ ಸ್ಕ್ರೀನಿಗೆ ಎಮಲ್ಷನ್ (ಬೆಳಕು ತಾಗಿದರೆ ಗಟ್ಟಿಯಾಗುವ ದ್ರಾವಣ) ಬಳಿದರೆ ಅದು ಒಣಗಲೊಲ್ಲದು. ಹೊರಗೆ ಜಿಟಿಜಿಟಿ ಮಳೆ. ಕತ್ತಲೆ ಕೋಣೆಯಲ್ಲಿ ಫ್ಯಾನ್ ಇಟ್ಟು ರಾತ್ರಿಯೆಲ್ಲ ಕಾದೆವು. ಒಳಗೆ ಹಸಿ ಇರುವಾಗಲೇ ಬೆಳಕಿಗಿಟ್ಟರೆ ತೊಳೆಯುವಾಗ ಅಂಚೆಲ್ಲ ಕಿತ್ತುಬರುತ್ತದೆ, ಅವಸರ ಮಾಡುವಂತಿಲ್ಲ.

ದುಡ್ಡಿನ ಮಾತು ಬಂದಾಗ ಗುಂಪಿನ ಹುಡುಗರು, "ನಾವೂ ಓಕೆ ಅಂದಿದ್ವಲ್ಲ ಅಣ್ಣಾ, ಅರ್ಧ ನಾವು ಹಾಕ್ತೀವಿ" ಅಂದರು. ಬೇಡ ಅಂದೆ. ಅವರು ಒಪ್ಪಿದ್ದು ಚಿತ್ರಕ್ಕೆ. ಅಕ್ಷರ ಕೆಡಿಸಿದ್ದು ನಾನು. ಆದರೆ ಅಂದಿನಿಂದ ಗುಂಪಿನ ಒಪ್ಪಿಗೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರ ಹೆಸರು ಕೇಳುತ್ತೇನೆ. ಅವರು ಅಂಗಡಿಗೆ ಬಂದು, ಬಟ್ಟೆಯ ಮೇಲೆ ಹೊಡೆದ ಒಂದು ಪೀಸನ್ನು ಕೊನೆಯ ಪದದಿಂದ ಹಿಂದಕ್ಕೆ ಓದಬೇಕು. ಹಾಗೆ ಓದಿದರೆ ತಲೆಯಿಂದ ತುಂಬಿಕೊಳ್ಳಲು ಆಗುವುದಿಲ್ಲ. ಕೆಲವರು ಸಿಡುಕುತ್ತಾರೆ, ಸಿಡುಕಲಿ.

ತಿರುಪ್ಪೂರಿನಿಂದ ಮತ್ತೆ ತರಿಸಿದ 34 ಬೇರೆ ಲಾಟಿನವು. ಲಾಟ್ ಬೇರೆಯಾದರೆ ಶೇಡೂ ಬೇರೆ. ಒಂದು ಎಳೆ ತಿಳಿ ಹಸಿರು. ಅವನ್ನು ಉಳಿದ 106ರೊಳಗೆ ಬೆರೆಸದೆ ಬೇರೆ ಕಟ್ಟಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೆಟ್ಟದ ಬುಡದಲ್ಲಿ ಚೀಲ ಹಂಚುವವರಿಗೆಲ್ಲ ಅದನ್ನೇ ಕೊಟ್ಟರು. ದೂರದಿಂದ ನೋಡಿದರೆ ಬೇಕಂತಲೇ ಮಾಡಿಸಿದ ಹಾಗಿತ್ತು.

ಹಾಳಾದ 34ರಲ್ಲಿ ಕೆಲವು ಇಂಕು ಒರೆಸುವ ಬಟ್ಟೆಯಾದವು. ಮಿಕ್ಕವು ಅಂಗಡಿಯವರ ಮೈಮೇಲಿವೆ. ಅಕ್ಕ ಕೆಲಸಕ್ಕೆ ಬಂದ ಕೂಡಲೇ ಸೀರೆಯ ಮೇಲೆ ಒಂದನ್ನು ಹಾಕಿಕೊಳ್ಳುತ್ತಾರೆ. ಗಿರಾಕಿ ಯಾರಾದರೂ ಅವರ ಬೆನ್ನು ನೋಡಿ, "ಇದೇನಮ್ಮಾ ಹೀಗೆ ಬರೆದಿದೆ?" ಅಂದರೆ, ತಲೆಯೆತ್ತದೆ ಮಡಚುತ್ತಲೇ ಹೇಳುತ್ತಾರೆ: "ಅದು ನಮ್ ಸಾರ್ ಬರ್ದಿದ್ದು."