ಒಜ್ಜೆ ಎಲ್ಲಿ ಬೀಳುತ್ತದೆ

ಕಳೆದ ವರ್ಷ ಬೇಸಿಗೆಯಲ್ಲಿ ನಾವು ಇಲ್ಲಿ ಕೊಲರಾಡೊದಲ್ಲಿ ಒಂದು ಹಳೆಯ ಪಿಕಪ್ ಟ್ರಕ್ಕನ್ನೂ, ಅದರ ಮೇಲೆ ಕೂರಿಸುವ ಅಷ್ಟೇ ಹಳೆಯ ಕ್ಯಾಂಪರನ್ನೂ ಬೇರೆ ಬೇರೆ ಮಾಲೀಕರಿಂದ ಕೊಂಡೆವು. ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೆಂದು ನಾನು ಅಳತೆಪಟ್ಟಿ ಹಿಡಿಯದೆಯೇ ನಂಬಿಬಿಟ್ಟಿದ್ದೆ. ಆ ನಂಬಿಕೆಯನ್ನು ತಿದ್ದಿಕೊಳ್ಳಲು ಮೂರು ತಿಂಗಳು ಬೇಕಾಯಿತು.

ಕ್ಯಾಂಪರ್ ಎಂದರೆ ಏನೆಂದು ಊರಿನವರಿಗೆ ವಿವರಿಸುವುದು ಕಷ್ಟವೇನಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಮುನ್ನ ಚಕ್ಕಡಿಗೆ ಬಿದಿರಿನ ಕಮಾನು ಬಗ್ಗಿಸಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನೆ ಹರವಿ ಸವಾರಿ ಬಂಡಿ ಮಾಡಿಕೊಂಡು, ಜಾತ್ರೆ ಮುಗಿಸಿ ಬಂದ ಮೇಲೆ ಎಲ್ಲವನ್ನೂ ಬಿಚ್ಚಿಟ್ಟು ಅದೇ ಚಕ್ಕಡಿಯಲ್ಲಿ ಗೊಬ್ಬರ ಹೇರುತ್ತಿದ್ದುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಹಾಸಿಗೆ, ಒಲೆ, ನೀರಿನ ಟಾಕಿ, ಫ್ರಿಜ್ ಎಲ್ಲವೂ ಇರುವ ಒಂದು ಪುಟ್ಟ ಮನೆ; ಅದಕ್ಕೆ ತನ್ನದೇ ಗಾಲಿಗಳಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ಜಾಕುಗಳ ಮೇಲೆ ಅದು ನಿಂತಿರುತ್ತದೆ. ಟ್ರಕ್ಕನ್ನು ರಿವರ್ಸಿನಲ್ಲಿ ಅದರ ಕೆಳಗೆ ತಂದು, ಜಾಕುಗಳನ್ನು ಇಳಿಸಿದರೆ ಮನೆ ಟ್ರಕ್ಕಿನ ಬೆನ್ನೇರುತ್ತದೆ.

ಈ ಮನೆಗಳನ್ನು ಕಾರ್ಖಾನೆಯಿಂದ ಬರುವ ಪಿಕಪ್ಪಿನ ತೊಟ್ಟಿಯ ಅಳತೆಗೆ ಮಾಡಿರುತ್ತಾರೆ. ಆ ತೊಟ್ಟಿಯೊಳಗೆ ಎರಡೂ ಬದಿಯ ಗಾಲಿಗಳ ಉಬ್ಬಿನ ನಡುವೆ ಸುಮಾರು ನಾಲ್ಕು ಅಡಿ ಜಾಗವಿರುವುದರಿಂದ ಕ್ಯಾಂಪರಿನ ಕೆಳಭಾಗ ಅಷ್ಟು ಕಿರಿದಾಗಿದ್ದು, ತೊಟ್ಟಿಯ ಅಂಚಿನ ಮೇಲೆ ಮಾತ್ರ ರೆಕ್ಕೆಗಳಂತೆ ಅಗಲವಾಗಿ ಚಾಚಿಕೊಳ್ಳುತ್ತದೆ. ನಮ್ಮ ಟ್ರಕ್ಕಿನ ಹಿಂದಿನ ಮಾಲೀಕ ವೆಲ್ಡಿಂಗ್ ಕೆಲಸದವನು. ಆತ ಮೂಲ ತೊಟ್ಟಿಯನ್ನು ತೆಗೆದುಹಾಕಿ, ಎಂಟು ಅಡಿ ಅಗಲದ ಚಪ್ಪಟೆ ಉಕ್ಕಿನ ಡೆಕ್ಕನ್ನು ತಾನೇ ಮಾಡಿ ಕೂರಿಸಿದ್ದ. ಬದಿಗೋಡೆಯಿಲ್ಲ, ಉಬ್ಬಿಲ್ಲ, ಅಡೆತಡೆಯಿಲ್ಲ, ಆದ್ದರಿಂದ ಕ್ಯಾಂಪರ್ ಕೂರಿಸುವುದು ಇನ್ನೂ ಸುಲಭವೆಂದು ನನಗನಿಸಿತ್ತು.

ಮೊದಲ ದಿನವೇ ಟ್ರಕ್ಕು ಒಳಗೆ ಹೋಗಲಿಲ್ಲ. ಮುಂದಿನ ಎರಡು ಜಾಕುಗಳ ನಡುವಿನ ಅಂತರ 86 ಇಂಚು, ಡೆಕ್ಕಿನ ಅಗಲ 96 ಇಂಚು. ಜೋಡಿ ಗಾಲಿಯ ಟ್ರಕ್ಕುಗಳಿಗೆಂದೇ ಜಾಕನ್ನು ಹೊರಕ್ಕೆ ಚಾಚುವ ಬ್ರ್ಯಾಕೆಟ್ಟುಗಳು ಸಿಗುವುದರಿಂದ ಆ ತೊಡಕು ದುಡ್ಡಿನಲ್ಲಿ ಬಗೆಹರಿಯಿತು. ಕ್ಯಾಬಿನ್ನಿನ ಹಿಂದೆ ಎತ್ತರಕ್ಕೆ ನಿಲ್ಲಿಸಿದ್ದ ಕಬ್ಬಿಣದ ಜಾಲರಿಯೂ ತೊಡಕಾಯಿತು. ಕ್ಯಾಂಪರಿನ ಮಲಗುವ ಭಾಗ ಕ್ಯಾಬಿನ್ನಿನ ಮೇಲಕ್ಕೆ ಚಾಚಿಕೊಳ್ಳಬೇಕಾದ್ದರಿಂದ ಅದನ್ನು ಕತ್ತರಿಸಿ ತೆಗೆಸಿದೆ.

ಇಷ್ಟಾದ ಮೇಲೆ ಹುಬ್ಬಳ್ಳಿಗೆ ಫೋನು ಮಾಡಿದೆ. ನನ್ನ ಸೋದರಮಾವ ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದವರು. ಇಲ್ಲಿ ಬೆಳಗಿನ ಎಂಟು ಗಂಟೆಯೆಂದರೆ ಅಲ್ಲಿ ಸಂಜೆ ಏಳೂವರೆ. ಗ್ಯಾರೇಜು ಮುಚ್ಚಿ ಚಹಾ ಕುಡಿಯುವ ಹೊತ್ತು. ಕ್ಯಾಂಪರಿನ ಒಲೆ, ಹಾಸಿಗೆಗಳನ್ನು ತೋರಿಸಲು ಹೋದರೆ ಅವರು ಅದನ್ನೆಲ್ಲ ನೋಡಲೇ ಇಲ್ಲ.

“ಅದಿರಲಿ ತಮ್ಮಾ, ಒಜ್ಜಿ ಎಲ್ಲಿ ಬೀಳತೈತಿ ಅದನ್ನ ಹೇಳು. ಅಚ್ಚಿನ ಮುಂದೋ ಹಿಂದೋ?”

ಚಕ್ಕಡಿ ಹೂಡಿದವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೊಜ್ಜೆಯಾದರೆ ಎತ್ತಿನ ಹೆಗಲು ಜಜ್ಜುತ್ತದೆ, ಹಿಂದೊಜ್ಜೆಯಾದರೆ ನೊಗ ಮೇಲೆದ್ದು ಜತ್ತಿಗೆ ಕೊರಳಿಗೆ ಬಿಗಿಯುತ್ತದೆ. ಟ್ರಕ್ಕಿನಲ್ಲಿ ಹಿಂದೊಜ್ಜೆಯಾದರೆ ಮುಂದಿನ ಗಾಲಿಗಳ ಮೇಲಿನ ಭಾರ ಇಳಿದು, ಸ್ಟೇರಿಂಗೂ ಬ್ರೇಕೂ ಹಿಡಿತ ಕಳೆದುಕೊಳ್ಳುತ್ತವೆ. ಕ್ಯಾಂಪರಿನ ಬದಿಯಲ್ಲಿ ಅದರ ಭಾರದ ಕೇಂದ್ರ ಎಲ್ಲಿದೆಯೆಂದು ತಯಾರಕರು ಒಂದು ಗುರುತು ಅಂಟಿಸಿರುತ್ತಾರೆ. ಆ ಗುರುತು ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದೆಯೇ ಬರಬೇಕು. ಡೆಕ್ಕಿನ ಮುಂದಿನ ಅಂಚು ಅಚ್ಚಿನಿಂದ ಎಷ್ಟು ದೂರವಿರಬೇಕೆಂಬುದು ಅದನ್ನು ಮಾಡಿದವನ ಮರ್ಜಿಗೆ ಬಿಟ್ಟ ವಿಷಯವಾದ್ದರಿಂದ, ಕಾರ್ಖಾನೆಯ ತೊಟ್ಟಿಯಲ್ಲಿ ತಾನಾಗಿಯೇ ಸರಿಬರುವ ಈ ಲೆಕ್ಕವನ್ನು ಇಲ್ಲಿ ನಾವೇ ಮಾಡಬೇಕು. ದಾರಕ್ಕೆ ನಟ್ಟು ಕಟ್ಟಿ ಗುರುತಿನಿಂದ ಇಳಿಬಿಟ್ಟೆ. ಅದು ಅಚ್ಚಿನ ನಡುವಿಗಿಂತ ಎರಡು ಇಂಚು ಹಿಂದೆ ತೂಗಾಡಿತು. ಡೆಕ್ಕಿನ ಮುಂದಿನ ತುದಿಯಲ್ಲಿದ್ದ ಉಪಕರಣದ ಪೆಟ್ಟಿಗೆಯನ್ನು ಕಿತ್ತು ಕ್ಯಾಂಪರನ್ನು ಮುಂದಕ್ಕೆ ಸರಿಸಿದ ಮೇಲೆ ಅದು ಅಚ್ಚಿನಿಂದ ಮೂರು ಇಂಚು ಮುಂದೆ ಬಂದು ನಿಂತಿತು.

ಮಾವನ ಎರಡನೆಯ ಮಾತು, ಟ್ರಕ್ಕಿನ ಕೆಳಗೆ ಮಲಗಿ ಡೆಕ್ಕು ಚಾಸಿಗೆ ಹೇಗೆ ಸೇರಿದೆಯೆಂದು ತೋರಿಸು ಎಂಬುದು. ಫೋನಿನ ಬೆಳಕು ಬಿಟ್ಟು ತೋರಿಸಿದಾಗ ಅವರು ಒಂದು ಕ್ಷಣ ಮಾತಾಡಲಿಲ್ಲ. ಡೆಕ್ಕನ್ನು ಎಂಟು ಕಡೆ ನೇರವಾಗಿ ಚಾಸಿಗೇ ವೆಲ್ಡ್ ಮಾಡಲಾಗಿತ್ತು, ಮುಂದಿನ ಒಂದು ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಉಬ್ಬುತಗ್ಗಿನ ದಾರಿಯಲ್ಲಿ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಬೇಕು. ಅದನ್ನು ಬಿಗಿಹಿಡಿದರೆ ಆ ಬಲವೆಲ್ಲ ಬೆಸುಗೆಯ ಮೇಲೆ ಬಂದು ಬೀಳುತ್ತದೆ. ಅದಕ್ಕಾಗಿಯೇ ನಮ್ಮೂರಿನ ಬಾಡಿ ಗ್ಯಾರೇಜುಗಳಲ್ಲಿ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಕಟ್ಟಿಗೆಯ ತೊಲೆ ಇಟ್ಟು ಯೂ ಬೋಲ್ಟಿನಿಂದ ಬಿಗಿಯುತ್ತಾರೆ. ಚಾಸಿಯ ಮೇಲಿನ, ಕೆಳಗಿನ ಅಂಚುಗಳಿಗೆ ತೂತು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಅಲ್ಲಿ ಹುಡುಗರಿಗೆ ಕಲಿಸುವ ಮೊದಲ ನಿಷೇಧ. ಇಲ್ಲಿನ ಒಬ್ಬ ಫ್ಯಾಬ್ರಿಕೇಟರ್ ಬೆಸುಗೆಗಳನ್ನೆಲ್ಲ ಉಜ್ಜಿ ತೆಗೆದು, ಬಿರುಕನ್ನು ಸರಿಪಡಿಸಿ, ಹಿಂಭಾಗದಲ್ಲಿ ಗಟ್ಟಿ ಬೋಲ್ಟುಗಳನ್ನೂ ಮುಂಭಾಗದಲ್ಲಿ ಸ್ಪ್ರಿಂಗ್ ಇರುವ ಬೋಲ್ಟುಗಳನ್ನೂ ಹಾಕಿಕೊಟ್ಟ. ಖರ್ಚು ಕ್ಯಾಂಪರಿನ ಬೆಲೆಯ ಕಾಲುಭಾಗವಾಯಿತು. ಮನೆಯಲ್ಲಿ ಆ ಲೆಕ್ಕವನ್ನು ನಾನು ಸ್ವಲ್ಪ ತಡವಾಗಿ ಹೇಳಿದೆ.

ತೂಕದ ವಿಷಯದಲ್ಲಿ ಟ್ರಕ್ಕಿನ ಬಾಗಿಲ ಬಳಿ ತಯಾರಕರು ಅಂಟಿಸಿದ ಚೀಟಿಯನ್ನು ಪೂರ್ತಿ ನಂಬುವಂತಿರಲಿಲ್ಲ. ಎಷ್ಟು ಹೇರಬಹುದೆಂದು ಅದರಲ್ಲಿ ಬರೆದಿರುವುದು ಮೂಲ ತೊಟ್ಟಿಯ ಟ್ರಕ್ಕಿಗೆ. ಉಕ್ಕಿನ ಡೆಕ್ಕು ಅದಕ್ಕಿಂತ ಬಹಳ ಭಾರ. ಅಮರಗೋಳದ ಎಪಿಎಂಸಿಗೆ ಬರುವ ಲಾರಿಗಳಂತೆ ನಾವೂ ಕಾಟಾ ಮಾಡಿಸಿದೆವು. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಮುಂದಿನ, ಹಿಂದಿನ ಅಚ್ಚುಗಳ ಭಾರವನ್ನು ಬೇರೆ ಬೇರೆಯಾಗಿ ತೂಗಿಕೊಡುತ್ತಾರೆ. ಹೇರಿನ ಸಮೇತ ಒಟ್ಟು 6,350 ಕಿಲೋ ಇರಬಹುದಾದ ನಮ್ಮ ಟ್ರಕ್ಕು, ನಾವಿಬ್ಬರೂ ಕುಳಿತು ಡೀಸೆಲ್ ತುಂಬಿಸಿದಾಗಲೇ 3,900 ಕಿಲೋ ತೂಗಿತು. ಕ್ಯಾಂಪರಿನ ಖಾಲಿ ತೂಕ ಸುಮಾರು 1,400 ಕಿಲೋ ಎಂದು ಅದರ ಫಲಕ ಹೇಳುತ್ತದೆ. ನೀರು, ಗ್ಯಾಸು, ಬ್ಯಾಟರಿ, ಅಕ್ಕಿ, ಜೋಳದ ಹಿಟ್ಟು ಎಲ್ಲ ಸೇರಿದ ಮೇಲೆ ಅದು 1,860 ಆಯಿತು. ಟಾಕಿಯ ನೀರೊಂದೇ 113 ಕಿಲೋ.

ಡೆಕ್ಕು ಗಾಲಿಗಳ ಮೇಲೆ ಕೂರುವುದರಿಂದ ಮನೆಯ ಎತ್ತರವೂ ಐದು ಇಂಚು ಹೆಚ್ಚಿತು. ತಿರುವಿನಲ್ಲಿ ವಾಲಾಟ ಗೊತ್ತಾಗುತ್ತದೆ. ಹನ್ನೊಂದು ಅಡಿ ನಾಲ್ಕು ಇಂಚು ಎಂದು ಕನ್ನಡದಲ್ಲೇ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಪೆಟ್ರೋಲ್ ಬಂಕಿನ ಚಾವಣಿ ಕಂಡಾಗಲೆಲ್ಲ ಅದನ್ನು ಓದುತ್ತೇನೆ. ಉಕ್ಕಿನ ಮೇಲೆ ಜಾರದಿರಲು ದಪ್ಪ ರಬ್ಬರ್ ಹಾಸು ಹಾಕಿ, ಕ್ಯಾಂಪರಿನ ನಾಲ್ಕೂ ಮೂಲೆಗಳಿಂದ, ತಿರುಪಿನಂತೆ ತಿರುವಿ ಬಿಗಿಮಾಡುವ ಟರ್ನ್‌ಬಕಲ್ಲುಗಳನ್ನು ಚಾಸಿಗೆ ಸೇರಿದ ಕೊಂಡಿಗಳಿಗೇ ಬಿಗಿದೆ.

ಮೊದಲ ಪಯಣದಲ್ಲಿ ಎಂಬತ್ತು ಕಿಲೋಮೀಟರಿಗೆ ನಿಲ್ಲಿಸಿ ಎಲ್ಲವನ್ನೂ ತಿರುವಿ ನೋಡಬೇಕೆಂದು ಮಾವ ಹೇಳಿದ್ದರು. ನಿಲ್ಲಿಸಿದೆ. ಮುಂದಿನ ಎಡಗಡೆಯ ಟರ್ನ್‌ಬಕಲ್ಲು ಒಂದೂವರೆ ಸುತ್ತು ಸಡಿಲಾಗಿತ್ತು. ಬಿಗಿದು, ಫೋಟೋ ತೆಗೆದು ಹುಬ್ಬಳ್ಳಿಗೆ ಕಳಿಸಿದೆ. ಅಲ್ಲಿ ಆಗ ನಡುರಾತ್ರಿ; ಆದರೂ ಎರಡು ನಿಮಿಷದಲ್ಲಿ ಉತ್ತರ ಬಂತು: “ಲಾಕ್ ನಟ್ ಎಲ್ಲೈತಿ?”